ಗಾಡಿ ನಡುಗಿದ್ರೆ ಎಲ್ಲಾದಕ್ಕೂ ರಸ್ತೆ ಕಾರಣ ಅಲ್ಲ



ಇದು ಉದ್ದ ಬರಹ, ತಾಳ್ಮೆ ಇಟ್ಟು ಓದ್ರಿ. ಗಾಡಿ ಓಡಿಸೋರು ಓದ್ರಿ, ಗಾಡಿಯಲ್ಲಿ ಕೂತು ಮೀಟಿಂಗಿಗೆ, ಕೋರ್ಟಿಗೆ, ಆಸ್ಪತ್ರೆಗೆ ಹೋಗೋರೂ ಓದ್ರಿ. ವಿಷಯ ಇಷ್ಟೇ: ಟೈರ್ ಬದಲಿಸಿದ ಮೇಲೆ ಹೈವೇ ಸ್ಪೀಡಲ್ಲಿ ಗಾಡಿ ಯಾಕೆ ನಡುಗುತ್ತೆ, ಅದರ ಕಾರಣ ಹೇಗೆ ಹಿಡಿಯಬೇಕು, ಮತ್ತು ಅಂಗಡಿಯವರು "ಅದು ಹಂಗೇ ಇರ್ತದ" ಅಂದ್ರೆ ಯಾಕೆ ಸುಮ್ಮನೆ ವಾಪಸ್ ಬರಬಾರದು.

"ಹೋರಾಟ ಬಿಟ್ಟು ಟೈರ್ ಬಗ್ಗೆ ಬರೀಲತ್ತಿ ಏನೋ" ಅಂತ ನಗೋರಿಗೆ ಮೊದಲೇ ಹೇಳಿಬಿಡ್ತೀನಿ. ಬಾಬಾಸಾಹೇಬರು "ವೇಟಿಂಗ್ ಫಾರ್ ಎ ವೀಸಾ"ದಲ್ಲಿ ಚಾಳೀಸಗಾಂವದ ಪ್ರಸಂಗ ಬರೆದಿದ್ದಾರೆ. 1929ರದು. ಸ್ಟೇಷನ್ನಿಂದ ಅವರನ್ನ ಕರೆದೊಯ್ಯೋಕೆ ಟಾಂಗಾದವರು ಯಾರೂ ಒಪ್ಪಲಿಲ್ಲ. ಟಾಂಗಾ ಬಾಡಿಗೆಗೆ ಕೊಡ್ತೀವಿ, ಓಡಿಸೋದಿಲ್ಲ ಅಂದರು. ಕಡೆಗೆ ಕೇರಿಯವನೇ ಒಬ್ಬ, ಯಾವತ್ತೂ ಟಾಂಗಾ ಓಡಿಸದವನು, ಲಗಾಮು ಹಿಡಿದ. ಸೇತುವೆ ಮೇಲೆ ಗಾಲಿ ಅಂಚಿನ ಕಲ್ಲಿಗೆ ಬಡಿದು ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಬಿದ್ದರು, ಕಾಲಿನ ಮೂಳೆ ಮುರಿಯಿತು. ಕುದುರೆ, ಟಾಂಗಾ ಎರಡೂ ಕೆಳಗೆ ಹೊಳೆಗೆ ಬಿದ್ದವು. ನಾವೆಲ್ಲ ಈ ಪ್ರಸಂಗವನ್ನ ಅವಮಾನದ ಕಥೆಯಾಗಿ ಹೇಳ್ತೀವಿ. ಹೇಳಲೇಬೇಕು. ಆದರೆ ಅದರಲ್ಲಿ ಇನ್ನೊಂದು ಮಾತೂ ಇದೆ. ಗಾಡಿ ಓಡಿಸೋ ವಿದ್ಯೆಯಿಂದ ಒಂದು ಜನವನ್ನ ದೂರ ಇಟ್ರೆ, ಗಾಡಿ ಕೈಗೆ ಸಿಕ್ಕ ದಿನವೂ ಅವರ ಜೀವಕ್ಕೆ ಅಪಾಯ. ಇವತ್ತು ನಮ್ಮ ಹುಡುಗರು ಸ್ಟೇರಿಂಗ್ ಹಿಡಿದಿದ್ದಾರೆ, ಲೈಸೆನ್ಸ್ ಇದೆ, ಸಾಲ ಮಾಡಿ ಗಾಡಿನೂ ತಗೊಂಡಿದ್ದಾರೆ. ಆದರೆ ಗಾಲಿ ಬಿಚ್ಚಿದಾಗ ಒಳಗೆ ಏನು ನಡೀತು ಅನ್ನೋದು ಮಾತ್ರ ಇನ್ನೂ ಅಂಗಡಿ ಮಾಲೀಕರ ಗುಟ್ಟಾಗಿ ಉಳಿದಿದೆ. ಅದಕ್ಕೇ ಬರೀತಿದೀನಿ.

ನಮ್ಮ ಊರಿನ ಪರಿಸ್ಥಿತಿ ಗೊತ್ತಿಲ್ಲದವರಿಗೆ ಎರಡು ಮಾತು. ಕುಂಚಾವರಂ ಅಂದ್ರೆ ಚಿಂಚೋಳಿ ತಾಲ್ಲೂಕಿನ ಗಡಿ. ಆಚೆ ಕಡೆ ತೆಲಂಗಾಣ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ತಾಂಡಾದಲ್ಲಿ ಲಂಬಾಣಿ, ಗ್ಯಾರೇಜಿನಲ್ಲಿ ದಖನಿ ಉರ್ದು. ಸುತ್ತ ಕಾಡು. 2011ರಲ್ಲಿ ಚಿಂಚೋಳಿ ವನ್ಯಜೀವಿ ಧಾಮ ಅಂತ ಘೋಷಣೆ ಆಯ್ತಲ್ಲ, ಅದೇ ಕಾಡು. ದೊಡ್ಡ ಆಸ್ಪತ್ರೆ, ಡಿಸಿ ಆಫೀಸು, ಜಿಲ್ಲಾ ಕೋರ್ಟು ಎಲ್ಲಾ ಕಲಬುರಗಿಯಲ್ಲಿ, ನೂರು ಕಿಲೋಮೀಟರಿಗೂ ದೂರ. ಬಸ್ಸು ತಪ್ಪಿತು ಅಂದ್ರೆ ಆ ದಿನ ಹೋಯ್ತು ಅಂತಲೇ ಅರ್ಥ. ಅದಕ್ಕೆ ನಾವು ಐದು ಮಂದಿ ಗೆಳೆಯರು ಕೂಡಿ ಒಂದು ಸೆಕೆಂಡ್ ಹ್ಯಾಂಡ್ ಎರ್ಟಿಗಾ ತಗೊಂಡ್ವಿ. ಬಾಡಿಗೆಗೂ ಓಡುತ್ತೆ, ಓಣಿಯಲ್ಲಿ ಯಾರಿಗಾದ್ರೂ ಆರಾಮಿಲ್ಲ ಅಂದ್ರೆ ರಾತ್ರಿ ಎರಡು ಗಂಟೆಗೂ ಹೊರಡುತ್ತೆ. ಜಾಸ್ತಿ ಓಡಿಸೋದು ನಾನು.

ಅದರ ಖಾಯಂ ಪ್ಯಾಸೆಂಜರ್ ಒಬ್ಬಾಕಿ ಅವ್ವ ಇದ್ದಾಳೆ. ಕ್ಯಾನ್ಸರ್ ಚಿಕಿತ್ಸೆಗೆ ಕಲಬುರಗಿಗೆ ಕರ್ಕೊಂಡು ಹೋಗಿ ಬರೋದು. ಸೂಜಿ ಮಾಡಿಸಿಕೊಂಡು ವಾಪಸ್ ಬರೋ ದಿನ ಆಕೆಗೆ ನೀರೂ ನಿಲ್ಲಲ್ಲ. ಎಲುಬು ನೋವು. ಗುಂಡಿಯಲ್ಲಿ ಗಾಲಿ ಇಳಿದ್ರೆ ಮುಖ ಹಿಂಡಿಕೊಳ್ತಾಳೆ, ಬಾಯಿಬಿಟ್ಟು ಏನೂ ಅನ್ನಲ್ಲ. ಹಿಂಗಾಗಿ ನಮ್ಮ ಗಾಡಿ ನಡುಗೋದು ಅಂದ್ರೆ ಬರೀ ಕಿರಿಕಿರಿ ಮಾತಲ್ಲ.

ಹಳೇ ಟೈರು ಪೂರಾ ಸವೆದು ಬೋಳಾಗಿದ್ವು. ಟೈರಿನ ಗಾಡಿಗಳ ನಡುವೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬ ಇರುತ್ತೆ ನೋಡ್ರಿ, ಮೇಲ್ಮೈ ಆ ದಿಬ್ಬದ ಮಟ್ಟಕ್ಕೆ ಬಂತು ಅಂದ್ರೆ 1.6 ಮಿಲಿಮೀಟರ್ ಮಾತ್ರ ಉಳಿದಿದೆ ಅಂತ, ಟೈರ್ ಬದಲಿಸಲೇಬೇಕು. ಮಳೆಗಾಲದ ಮುಂಚೆ ಇಪ್ಪತ್ತು ಸಾವಿರದ ಮೇಲೆ ರೊಕ್ಕ ಕೂಡಿಸಿ, ದೊಡ್ಡ ಊರಿನ ದೊಡ್ಡ ಅಂಗಡಿಯೊಂದರಲ್ಲಿ ನಾಲ್ಕೂ ಹೊಸಾ ಟೈರ್ ಹಾಕಿಸಿದ್ವಿ. ಬಿಲ್ಲಿನಲ್ಲಿ ಅಲೈನ್‌ಮೆಂಟ್, ಕಂಪ್ಯೂಟರ್ ಬ್ಯಾಲೆನ್ಸಿಂಗ್ ಎರಡಕ್ಕೂ ದುಡ್ಡು ಹಿಡಿದಿದ್ರು.

ಊರ ಕಡೆ ಬರುವಾಗ ಏನೂ ಗೊತ್ತಾಗಲಿಲ್ಲ. ಕಾಡಿನ ರಸ್ತೆಯಲ್ಲಿ ನಲವತ್ತು ಐವತ್ತರ ಮೇಲೆ ಹೋಗೋದೇ ಇಲ್ಲ. ಮುಂದಿನ ಸಲ ಕಲಬುರಗಿಗೆ ಹೊರಟಾಗ, ಮಹಾಗಾಂವ ಕ್ರಾಸಿನಲ್ಲಿ ಹುಮನಾಬಾದ್ ಹೈವೇ ಹತ್ತಿ ಎಂಬತ್ತು ದಾಟಿದ್ದೇ ತಡ ಸ್ಟೇರಿಂಗ್ ಝುಂ ಅನ್ನೋಕೆ ಶುರು. ತೊಂಬತ್ತಕ್ಕೆ ಪೂರಾ ಗಾಡಿ ನಡುಗುತ್ತೆ. ಎಪ್ಪತ್ತಕ್ಕೆ ಇಳಿಸಿದ್ರೆ ಮಾಯ. ಮುಂದೆ ಕೂತ ನಾನು ಸ್ಟೇರಿಂಗ್ ಮೇಲಷ್ಟೇ ಧ್ಯಾನ ಇಟ್ಟಿದ್ದೆ. ನಡುವಿನ ಸೀಟಿನಿಂದ ಅವ್ವ ಅಂದ್ಲು: "ಯಪ್ಪಾ, ನನ್ನ ಸೀಟಿನ ಕೆಳಗ ಯಾರೋ ಬೀಸೋಕಲ್ಲು ತಿರಗಿಸಿದಂಗ ಆಗ್ಲತ್ತದ. ಬಲಗಡಿ, ಹಿಂದ."

ಆ ಮಾತು ನೆನಪಿಟ್ಟುಕೊಳ್ರಿ. ಕಡೆಗೆ ಅದೇ ಖರೆ ಆಯ್ತು.

ಅಂಗಡಿಗೆ ವಾಪಸ್ ಹೋದೆ. ಮಾಲೀಕ ಗಾಡಿ ಓಡಿಸಿಯೂ ನೋಡಲಿಲ್ಲ. "ಯಾವೂರು ನಿಂದು? ಕುಂಚಾವರಂ? ಆ ರೋಡಿನಾಗ ಓಡಿಸಿದ್ರ ಮತ್ತೇನಾಯ್ತದ?" ಆಮೇಲೆ, "ಗಾಡಿ ಹಳೇದಾಗ್ಯದ, ಸಸ್ಪೆನ್ಷನ್ ಹೋಗ್ಯದ, ಹನ್ನೆರಡು ಸಾವಿರ ಆಯ್ತದ." ಪಕ್ಕದಲ್ಲಿ ನಿಂತ ಬೇರೆ ಗಿರಾಕಿಗೆ "ಬರ್ರಿ ಸರ್, ಕೂಡ್ರಿ ಸರ್". ನನಗೆ ಮಾತ್ರ "ನಿಂದು". ಹಿಂದಿನ ಗಾಜಿನ ಮೇಲಿರೋ ನೀಲಿ ಸ್ಟಿಕರ್ ನೋಡಿಯೋ, ನನ್ನ ಅಂಗಿ ನೋಡಿಯೋ, ಊರಿನ ಹೆಸರು ಕೇಳಿಯೋ, ಅವನ ಮನಸ್ಸಿಗೇ ಗೊತ್ತು. ಅದರ ಜಗಳ ಇಲ್ಲಿ ತೆಗೆಯೋದಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ: "ಬರುವಾಗ ನಡುಗದ ಗಾಡಿ, ನಿಮ್ಮಲ್ಲಿ ಗಾಲಿ ಬಿಚ್ಚಿ ಹಾಕಿದ ಮೇಲೆ ನಡುಗಲತ್ತದ. ಬಂದಾಗ ಚಲೋ ಇದ್ದ ಸಸ್ಪೆನ್ಷನ್ ಹೋಗುವಾಗ ಹ್ಯಾಂಗ ಕೆಡ್ತು?" ಉತ್ತರ ಬರಲಿಲ್ಲ.

ಗೆಳೆಯರೆ, ಪತ್ತೆ ಮಾಡೋದು ಶುರುವಾಗಬೇಕಾದ್ದೇ ಈ ಪ್ರಶ್ನೆಯಿಂದ. ಕಡೆಯದಾಗಿ ಕೈ ಹಾಕಿದ್ದು ಎಲ್ಲಿಗೆ? ಟೈರಿಗೆ, ರಿಮ್ಮಿಗೆ, ನಟ್ಟಿಗೆ. ಹಂಗಾದ್ರೆ ಮೊದಲು ನೋಡಬೇಕಾದ್ದೂ ಅವನ್ನೇ. ಇಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಎಲ್ಲಾ ಆಮೇಲೆ.

ಇದರ ಲೆಕ್ಕ ಸ್ವಲ್ಪ ಹೇಳ್ತೀನಿ, ಕಷ್ಟ ಏನಿಲ್ಲ. ನಮ್ಮ ಗಾಡಿ ಟೈರ್ ಸೈಜು 185/65 ಆರ್ 15. ಒಂದು ಸುತ್ತು ತಿರುಗಿದ್ರೆ ಎರಡು ಮೀಟರಿಗೆ ಸ್ವಲ್ಪ ಕಡಿಮೆ, ಸುಮಾರು 1.95 ಮೀಟರ್ ಹೋಗುತ್ತೆ. ಗಂಟೆಗೆ 90 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 25 ಮೀಟರ್. ಅಂದ್ರೆ ಗಾಲಿ ಸೆಕೆಂಡಿಗೆ ಹದಿಮೂರು ಸಲದ ಹತ್ತಿರ ತಿರುಗುತ್ತೆ. ರಿಮ್ಮಿನ ಅಂಚಿನಲ್ಲಿ ಒಂದು ಕಡೆ 35 ಗ್ರಾಂ ತೂಕ ಜಾಸ್ತಿ ಇದೆ ಅಂದುಕೊಳ್ರಿ. ಆ ಸ್ಪೀಡಿನಲ್ಲಿ ಅದು ಗಾಲಿಯನ್ನ ನಾಲ್ಕು ಕೆಜಿಗಿಂತ ಜಾಸ್ತಿ ಬಲದಿಂದ ಹೊರಗೆ ಎಳೆಯುತ್ತೆ, ಪ್ರತಿ ಸುತ್ತಿಗೂ ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಸ್ಪೀಡ್ ಅರ್ಧ ಆದ್ರೆ ಆ ಎಳೆತ ಅರ್ಧ ಅಲ್ಲ, ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಅದಕ್ಕೇ ಊರೊಳಗೆ, ಕಾಡಿನ ರಸ್ತೆಯಲ್ಲಿ ಗೊತ್ತಾಗಲ್ಲ.

ಇನ್ನೊಂದು ಕಾರಣನೂ ಇದೆ. ಜೋಕಾಲಿ ತೂಗೋವಾಗ ಸರಿಯಾದ ಹೊತ್ತಿಗೆ ನೂಕಿದ್ರೆ ಸಣ್ಣ ಕೂಸು ನೂಕಿದ್ರೂ ಜೋಕಾಲಿ ಮೇಲೇರುತ್ತೆ. ಗಾಲಿ, ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂಡಿದ ಜೋಡಣೆಗೂ ತನ್ನದೊಂದು ಲಯ ಇರುತ್ತೆ. ಗಾಲಿ ತಿರುಗೋ ಲಯ ಅದಕ್ಕೆ ಹೊಂದಿದ ಸ್ಪೀಡಿನಲ್ಲಿ ನಡುಕ ಜೋರಾಗುತ್ತೆ. ಸಾಮಾನ್ಯವಾಗಿ ಇದು 80ರಿಂದ 110ರ ನಡುವೆ. ಅಂಗಡಿಯವರು ಗಲ್ಲಿಯೊಳಗೆ ಮೂವತ್ತರಲ್ಲಿ ಒಂದು ಸುತ್ತು ಹೊಡೆದು "ಓಕೆ ಅದ" ಅಂದ್ರೆ ಅದು ಟೆಸ್ಟೇ ಅಲ್ಲ.

ಈಗ ನಾವು ಏನೇನು ಮಾಡಿದ್ವಿ ಅಂತ ಕ್ರಮವಾಗಿ ಹೇಳ್ತೀನಿ.

ಮೊದಲು ನಟ್. ಬೇರೆ ಏನು ನೋಡೋಕೂ ಮುಂಚೆ ನಾಲ್ಕೂ ಗಾಲಿಯ ನಟ್ ನೋಡಬೇಕು, ಯಾಕಂದ್ರೆ ಬ್ಯಾಲೆನ್ಸ್ ಕೆಟ್ಟರೆ ಗಾಡಿ ನಡುಗುತ್ತೆ, ನಟ್ ಸಡಿಲ ಆದ್ರೆ ಗಾಲಿಯೇ ಕಳಚಿ ಹೋಗುತ್ತೆ. ನಟ್ ಸಡಿಲ ಇದ್ರೆ ಕಡಿಮೆ ಸ್ಪೀಡಲ್ಲೂ ಗಾಲಿ ಓಲಾಡುತ್ತೆ, ಟಕ್ ಟಕ್ ಸಪ್ಪಳ ಬರುತ್ತೆ, ದಿನದಿಂದ ದಿನಕ್ಕೆ ಜಾಸ್ತಿ ಆಗುತ್ತೆ. ಅಂಥಾ ಲಕ್ಷಣ ಕಂಡ್ರೆ ಅಲ್ಲೇ ನಿಲ್ಲಿಸ್ರಿ, "ಊರು ಮುಟ್ಟಿ ನೋಡಿದ್ರಾಯ್ತು" ಅನ್ನಬ್ಯಾಡ್ರಿ. ಬಿಗಿ ಮಾಡೋದೂ ಒಂದಾದ ಮೇಲೆ ಒಂದು ಸುತ್ತಾಗಿ ಅಲ್ಲ, ಎದುರಾಬದುರಾ, ನಕ್ಷತ್ರ ಬರೆದ ಹಂಗೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 80ರಿಂದ 110 ನ್ಯೂಟನ್ ಮೀಟರ್ ಒಳಗೆ ಬಿಗಿ ಹೇಳಿರ್ತಾರೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಸರಿಯಾದ ಅಂಕಿ ಇರುತ್ತೆ. ಗನ್ ಹಿಡಿದು ಟರ್ ಅಂತ ಬಿಗಿ ಮಾಡಿ ಬಿಟ್ರೆ ಅತಿ ಬಿಗಿ ಆಗಿ ಬೋಲ್ಟ್ ಹಾಳಾಗಬಹುದು. ಗಾಲಿ ಬಿಚ್ಚಿ ಹಾಕಿದ ಮೇಲೆ ಐವತ್ತು ನೂರು ಕಿಲೋಮೀಟರ್ ಓಡಿದಾಗ ಇನ್ನೊಮ್ಮೆ ನೋಡಬೇಕು. ನಮ್ಮ ನಟ್ ಎಲ್ಲಾ ಸರಿ ಇದ್ವು.

ಎರಡನೇದು ಡೈರಿ. ಗೆಳೆಯನನ್ನ ಪಕ್ಕದಲ್ಲಿ ಕೂರಿಸಿ ಪೆನ್ನು ಕೊಟ್ಟೆ. ಓಡಿಸೋನು ಬರೀಬಾರದು. ಎಷ್ಟು ಸ್ಪೀಡಲ್ಲಿ ಶುರು, ಎಷ್ಟಕ್ಕೆ ಜೋರು, ಎಷ್ಟಕ್ಕೆ ಕಡಿಮೆ. ಸ್ಟೇರಿಂಗಿನಲ್ಲೋ, ಸೀಟಿನಲ್ಲೋ. ಸ್ಟೇರಿಂಗ್ ನಡುಗಿದ್ರೆ ಬಹಳ ಸಲ ಮುಂದಿನ ಗಾಲಿ, ಸೀಟು, ನೆಲ ನಡುಗಿದ್ರೆ ಹಿಂದಿನ ಗಾಲಿ. ಬ್ರೇಕ್ ಹಿಡಿದಾಗ ಮಾತ್ರ ನಡುಗಿದ್ರೆ ಬ್ರೇಕ್ ಡಿಸ್ಕ್ ನೋಡಬೇಕು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನಡುಗಿ, ಬಿಟ್ಟ ಕೂಡಲೇ ನಿಂತ್ರೆ ಇಂಜಿನ್ನಿಂದ ಗಾಲಿಗೆ ಹೋಗೋ ಶಾಫ್ಟು, ಅದರ ಜಾಯಿಂಟು. ಖಾಲಿ ನೆಟ್ಟಗಿನ ರಸ್ತೆಯಲ್ಲಿ ಕ್ಲಚ್ ಒತ್ತಿ ಎರಡು ಮೂರು ಸೆಕೆಂಡ್ ಬಿಟ್ಟು ನೋಡಿದ್ವಿ (ಇಂಜಿನ್ ಆಫ್ ಮಾಡಬ್ಯಾಡ್ರಿ, ಬ್ರೇಕು, ಸ್ಟೇರಿಂಗ್ ಎರಡೂ ಗಟ್ಟಿಯಾಗ್ತವೆ). ಇಂಜಿನ್ ಸದ್ದು ಇಳಿದ್ರೂ ನಡುಕ ಹಂಗೇ ಇತ್ತು. ಅಂದ್ರೆ ಇಂಜಿನ್ ಅಲ್ಲ, ತಿರುಗೋ ಗಾಲಿ. ನಮ್ಮ ಡೈರಿಯಲ್ಲಿ ಸ್ಟೇರಿಂಗೂ ಇತ್ತು, ಸೀಟೂ ಇತ್ತು. ಅವ್ವ ಹೇಳಿದ "ಬಲಗಡಿ, ಹಿಂದ" ಅನ್ನೋದನ್ನೂ ಬರೆದಿಟ್ಟಿದ್ವಿ.

ಮೂರನೇದು ಸ್ಟೆಪ್ನಿ. ನಮ್ಮ ಸ್ಟೆಪ್ನಿ ಅದೇ ಸೈಜಿನ ಪೂರಾ ಗಾಲಿ, ಅಂಗಡಿಯವರು ಅದನ್ನ ಮುಟ್ಟಿರಲಿಲ್ಲ. ಒಂದೊಂದೇ ಗಾಲಿ ಬಿಚ್ಚಿ ಅದರ ಜಾಗಕ್ಕೆ ಸ್ಟೆಪ್ನಿ ಹಾಕಿ, ಅದೇ ರಸ್ತೆ, ಅದೇ ಸ್ಪೀಡು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಕೂಡಿ ಬದಲಿಸಿದ್ರೆ ಯಾವುದರಿಂದ ಸರಿ ಆಯ್ತು ಅನ್ನೋದು ಗೊತ್ತಾಗಲ್ಲ. ಮುಂದಿನ ಎಡಗಡೆ ಸ್ಟೆಪ್ನಿ ಹಾಕಿದಾಗ ಸ್ಟೇರಿಂಗ್ ತಣ್ಣಗಾಯ್ತು, ಸೀಟು ಮಾತ್ರ ನಡುಗ್ತಿತ್ತು. ಹಿಂದಿನ ಬಲಗಡೆ ಹಾಕಿದಾಗ ಸೀಟು ತಣ್ಣಗಾಯ್ತು, ಸ್ಟೇರಿಂಗ್ ಮತ್ತೆ ಶುರು. ಅಂದ್ರೆ ಒಂದಲ್ಲ, ಎರಡು ಗಾಲಿ ಕೆಟ್ಟಿವೆ. ಇಷ್ಟಕ್ಕೆ ಒಂದು ಜಾಕು, ಒಂದು ಪಾನಾ, ಒಂದು ಮುಂಜಾನೆ ಸಾಕಾಯ್ತು. ಹನ್ನೆರಡು ಸಾವಿರದ ಸಸ್ಪೆನ್ಷನ್ ಸುಳ್ಳು ಅಂತ ಅಲ್ಲಿಗೇ ಸಾಬೀತಾಯ್ತು.

ಆ ಎರಡು ಗಾಲಿ ತಗೊಂಡು ಚಿಂಚೋಳಿ ದಾರಿಯ ಒಬ್ಬ ಪಂಕ್ಚರ್ ಚಾಚಾನ ಹತ್ತಿರ ಹೋದ್ವಿ. ತಗಡಿನ ಶೆಡ್ಡು, ಒಂದು ಗಾಳಿ ಮಷೀನು, ನೀರಿನ ತೊಟ್ಟಿ. ಕಂಪ್ಯೂಟರ್ ಇಲ್ಲ. ಡೈರಿ ಓದಿ ಹೇಳಿದೆ. ಚಾಚಾ ಪೂರಾ ಕೇಳಿದ, ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಕೇಳಿದ್ದು, "ಹಿಂದ ಕೂತಾಕಿ ಏನಂದ್ಲು ಬೇಟಾ?"

ಹಿಂದಿನ ಬಲಗಾಲಿಯನ್ನ ಗಾಡಿಗೆ ಹಾಕಿಸಿ, ಮುಂದಿನ ಗಾಲಿಗಳಿಗೆ ಕಲ್ಲು ಇಡಿಸಿ, ಗೇರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಡಿಸಿ ಜಾಕ್ ಏರಿಸಿದ. ಒಂದು ಇಟ್ಟಂಗಿ ಮೇಲೆ ಸೀಮೆಸುಣ್ಣ ಇಟ್ಟು ಟೈರಿಗೆ ತಾಕೀತೋ ಇಲ್ಲೋ ಅನ್ನೋ ಹಂಗೆ ಹಿಡಿದು ಗಾಲಿ ತಿರುಗಿಸಿದ. ಗಾಲಿ ಖರೇನೇ ಗುಂಡಗಿದ್ರೆ ಸುತ್ತಲೂ ತಾಕಬೇಕು, ಇಲ್ಲಾ ಎಲ್ಲೂ ತಾಕಬಾರದು. ಇದು ಒಂದೇ ಕಡೆ ತಾಕಿ ಬಿಳಿ ಗೆರೆ ಮೂಡಿತು. ಆಮೇಲೆ ಟೈರಿನ ಪಕ್ಕೆ ತೋರಿಸಿದ. ರಿಮ್ಮಿನ ಅಂಚಿನ ಪಕ್ಕ ಟೈರ್ ಮೇಲೆ ಸುತ್ತಲೂ ಒಂದು ತೆಳು ಗೆರೆ ಇರುತ್ತೆ. ಟೈರ್ ಸರಿ ಕೂತಿದ್ರೆ ಆ ಗೆರೆ ಎಲ್ಲಾ ಕಡೆ ರಿಮ್ಮಿನಿಂದ ಒಂದೇ ದೂರದಲ್ಲಿ ಇರಬೇಕು. ನಮ್ಮದರಲ್ಲಿ ಒಂದು ಕಡೆ ಬೆರಳಿನಷ್ಟು ಹೊರಗೆ ಕಾಣ್ತಿತ್ತು, ಎದುರು ಕಡೆ ರಿಮ್ಮಿನೊಳಗೆ ಮುಚ್ಚಿಹೋಗಿತ್ತು. ಬೀಡ್ ಪೂರಾ ಕೂತಿಲ್ಲ. ಬಿಚ್ಚಿ ನೋಡಿದ್ರೆ ರಿಮ್ಮಿನ ಅಂಚಿನಲ್ಲಿ ತುಕ್ಕು, ಹಳೇ ಟೈರಿನ ರಬ್ಬರ್ ಅಂಟಿಕೊಂಡಿತ್ತು. ಅದರ ಮೇಲೇ ಹೊಸಾ ಟೈರ್ ಏರಿಸಿದ್ದರು. ಇಂಥಾ ಗಾಲಿಗೆ ಎಷ್ಟು ಸಲ ಬ್ಯಾಲೆನ್ಸ್ ಮಾಡಿದ್ರೂ ಉಪಯೋಗ ಇಲ್ಲ. ತೂಕ ಸರಿ ಮಾಡಬಹುದು, ಆಕಾರ ಸರಿ ಆಗಲ್ಲ.

ಚಾಚಾ ತಂತಿ ಬ್ರಷ್ಷಿನಿಂದ ಅಂಚು ತಿಕ್ಕಿ, ಸಾಬೂನು ನೀರು ಸವರಿ, ಗಾಳಿ ತುಂಬಿದ. ಟಪ್ ಟಪ್ ಅಂತ ಎರಡು ಸಲ ಸದ್ದಾಗಿ ಟೈರ್ ತನ್ನ ಜಾಗಕ್ಕೆ ಕೂತಿತು. ಗೆರೆ ಸುತ್ತಲೂ ಸಮ. ಸೀಮೆಸುಣ್ಣ ಸುತ್ತಲೂ ಒಂದೇ ಹಂಗೆ ಸವರಿತು. ಆಮೇಲೆ ಗಾಳಿ ಇಳಿಸಿ ಸರಿ ಮಾಡಿದ. ಬೀಡ್ ಕೂರಿಸೋಕೆ ಜಾಸ್ತಿ ಗಾಳಿ ಹೊಡೆದು, ಇಳಿಸದೆ ಹಂಗೇ ಬಿಡೋ ಅಂಗಡಿಗಳೂ ಇವೆ. ನೀವು ಬಾಗಿಲ ಪಕ್ಕದ ಸ್ಟಿಕರ್ ನೋಡಿ ಗಾಳಿ ಎಷ್ಟಿರಬೇಕು ಅಂತ ತಿಳ್ಕೊಳ್ರಿ.

ಮುಂದಿನ ಎಡಗಾಲಿ ಕಥೆ ಬೇರೆ. ಅದು ಗುಂಡಗೇ ಇತ್ತು. ಚಾಚಾ ಬೋರಲು ಹಾಕಿ ರಿಮ್ಮಿನ ಒಳಮಗ್ಗುಲು ತೋರಿಸಿದ. ಎರೆ ಮಣ್ಣು ಒಣಗಿ ಕಲ್ಲಾಗಿ ಮೆತ್ತಿಕೊಂಡಿತ್ತು. ಒಂದು ಕಡೆ ಮಾತ್ರ ಅಂಗೈಯಷ್ಟು ಜಾಗ ಸ್ವಚ್ಛ. ಅಲ್ಲಿನ ಹೆಂಟೆ ಉದುರಿಹೋಗಿತ್ತು. ಆಗ ತಲೆಗೆ ಹೊಳೀತು ನೋಡ್ರಿ. ಅಂಗಡಿಯವರು ಮಣ್ಣು ತೊಳೆಯದೆ ಮಣ್ಣಿನ ಸಮೇತ ಮಷೀನಿಗೆ ಹಾಕಿದ್ದಾರೆ. ಮಷೀನ್ ಮಣ್ಣನ್ನೂ ಗಾಲಿ ಅಂತಲೇ ತೂಗಿದೆ. ಅದಕ್ಕೆ ತಕ್ಕ ಸೀಸದ ತುಂಡು ಬಡಿದು "ಸೊನ್ನೆ ಬಂತು" ಅಂದಿದ್ದಾರೆ. ನಾವು ಊರು ಮುಟ್ಟೋದ್ರೊಳಗೆ ಒಂದು ಹೆಂಟೆ ಉದುರಿದೆ. ಹಿಂಗೆ ಅಂಗಡಿಯ ಸೊನ್ನೆ ಸುಳ್ಳಾಗಿದೆ. ಮಷೀನ್ ತಪ್ಪಲ್ಲ. ಹೊಲಸು ಒಳಗಿಟ್ಟು ಸಮ ಮಾಡಿದ್ದು ಎಷ್ಟು ದಿನ ಸಮ ಇರುತ್ತೆ ಅನ್ನೋದು ನಮ್ಮ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಣ್ಣು ಕೆರೆದು ತೊಳೆದು, ಹಬ್ಬಿನ ಮುಖದ ತುಕ್ಕೂ ತಿಕ್ಕಿದ್ವಿ. ರಿಮ್ಮು, ಹಬ್ಬು ಒಂದಕ್ಕೊಂದು ಕೂರೋ ಜಾಗದಲ್ಲಿ ತುಕ್ಕಿನ ಚಕ್ಕೆ ಇದ್ರೂ ಗಾಲಿ ಓರೆ ಕೂರುತ್ತೆ. ಚಾಚಾ ತನ್ನ ಕೂಲಿ ಇನ್ನೂರು ಅಂದ, ಇನ್ನೂರು ಕೊಟ್ವಿ. "ಮಷೀನ್ ನನ್ನ ಹತ್ರ ಇಲ್ಲ ಬೇಟಾ, ಈಗ ಬ್ಯಾಲೆನ್ಸ್ ಮಾಡಿಸ್ಕೋ" ಅಂತ ಕಳಿಸಿದ. ತನಗೆ ಏನು ಬರುತ್ತೆ, ಏನು ಬರಲ್ಲ ಅಂತ ಇಷ್ಟು ನೇರವಾಗಿ ಹೇಳೋ ಮನುಷ್ಯನನ್ನ ದೊಡ್ಡ ಅಂಗಡಿಯಲ್ಲಿ ನಾನು ನೋಡಿರಲಿಲ್ಲ.

ಬೇರೆ ಒಂದು ಅಂಗಡಿಯಲ್ಲಿ ಎದುರಿಗೇ ನಿಂತು ಬ್ಯಾಲೆನ್ಸ್ ಮಾಡಿಸಿದ್ವಿ. ತೊಳೆದ ಎಡಗಾಲಿಯನ್ನ ಹಳೇ ತೂಕಗಳ ಸಮೇತ ತಿರುಗಿಸಿದಾಗ ಮಷೀನು ಒಳಮಗ್ಗುಲಿಗೆ 35 ಗ್ರಾಂ ವ್ಯತ್ಯಾಸ ತೋರಿಸಿತು. ಹಳೇ ತೂಕ ಎಲ್ಲಾ ಕಿತ್ತಿಸಿ, ಮೊದಲಿನಿಂದ ಶುರು ಮಾಡಿಸಿದ್ವಿ. ಒಳಗೂ ಸೊನ್ನೆ, ಹೊರಗೂ ಸೊನ್ನೆ. ಅಷ್ಟಕ್ಕೇ ಬಿಡಲಿಲ್ಲ. ಗಾಲಿಯನ್ನ ಮಷೀನಿನಲ್ಲಿ ಸಡಿಲ ಮಾಡಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿ ಮಾಡಿ ಇನ್ನೊಮ್ಮೆ ನೋಡಿಸಿದೆ. ಆಗಲೂ ಸೊನ್ನೆ ಬಂದ್ರೆ ಗಾಲಿ ಮಷೀನಿನಲ್ಲಿ ನಡುಮಧ್ಯೆ ಕೂತಿದೆ ಅಂತ ಅರ್ಥ. ಅಂಕಿ ಬದಲಾದ್ರೆ ಗಾಲಿ ಹಾಕಿದ್ದೇ ಸರಿ ಇಲ್ಲ, ಮೊದಲಿನ ಸೊನ್ನೆ ನಂಬೋ ಹಂಗಿಲ್ಲ. ನಾಲ್ಕೂ ಗಾಲಿಗೆ ಒಟ್ಟು ನಾನೂರು ರೂಪಾಯಿ. ಚಾಚಾನ ಇನ್ನೂರು ಸೇರಿ ಆರುನೂರು.

ಮುಂದಿನ ವಾರ ಕಲಬುರಗಿಗೆ ಹೋದಾಗ ಹೈವೇ ಮೇಲೆ ಎಂಬತ್ತು, ತೊಂಬತ್ತು, ಸ್ವಲ್ಪ ಹೊತ್ತು ತೊಂಬತ್ತೈದು. ಸ್ಟೇರಿಂಗ್ ಮೇಲೆ ಎರಡು ಬೆರಳು ಸಾಕು. ಕನ್ನಡಿಯಲ್ಲಿ ನೋಡಿದ್ರೆ ಅವ್ವ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಗಾಜಿಗೆ ತಲೆ ಇಟ್ಟು ಮಲಗೋದು ಅಂದ್ರೆ ಗಾಡಿ ನಡುಗ್ತಿಲ್ಲ ಅಂತಲೇ.

ಹಳೇ ಅಂಗಡಿಗೂ ಹೋದೆ, ಡೈರಿ, ಫೋಟೋ, ಬಿಲ್ ತಗೊಂಡು. ಬ್ಯಾಲೆನ್ಸಿಂಗ್ ದುಡ್ಡು ವಾಪಸ್ ಕೊಡ್ರಿ, ಇಲ್ಲಾಂದ್ರೆ ಬರೆದು ಕೊಡ್ರಿ ಯಾಕೆ ಕೊಡಲ್ಲ ಅಂತ. ಒಂದಿಷ್ಟು ಹೊತ್ತು ಮಾತಾಡಿ ದುಡ್ಡು ಕೊಟ್ಟರು. ಹೊರಗೆ ಚಹಾ ಅಂಗಡಿಯಲ್ಲಿ ನಮ್ಮ ಗಾಡಿಗೆ ಟೈರ್ ಹಾಕಿದ್ದ ಹುಡುಗ ಸಿಕ್ಕ. ಹೆದರಿಕೊಂಡೇ ಅಂದ, "ಅಣ್ಣಾ, ರಿಮ್ ತೊಳೀಬೇಕು ಅಂತ ನನಗೂ ಗೊತ್ತದ. ತೊಳಕೋತ ಕೂತ್ರ ಗಾಡಿ ಲೈನ್ ನಿಲ್ತದ, ಸೇಠ್ ಬೈತಾನ." ಅವನಿಗೆ ಬೈಯೋ ಮನಸ್ಸಾಗಲಿಲ್ಲ. ಅವನ ಕೈಗೆ ವಿದ್ಯೆ ಇದೆ, ಸಮಯ ಕೊಡೋರಿಲ್ಲ. ದೂರು ಕೊಡೋವಾಗ ಇದನ್ನ ನೆನಪಿಡ್ರಿ. ಬಿಲ್ ಮಾಡಿದವನ ಹೆಸರಿಗೆ ದೂರು ಕೊಡ್ರಿ, ಪಾನಾ ಹಿಡಿದ ಹುಡುಗನ ಹೊಟ್ಟೆ ಮೇಲೆ ಹೊಡೀಬ್ಯಾಡ್ರಿ.

ದುಡ್ಡು ಕೊಡದಿದ್ರೆ ಏನು ಮಾಡ್ತಿದ್ವಿ ಅಂದ್ರೆ, ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಸೇವೆಯಲ್ಲಿ ಲೋಪ ಆದ್ರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಅಂಗಡಿ ಯಾವ ಊರಲ್ಲೇ ಇರಲಿ, ನೀವು ವಾಸ ಮಾಡೋ ಜಿಲ್ಲೆಯಲ್ಲೇ ದೂರು ಕೊಡಬಹುದು. ನೀವು ಕೊಟ್ಟ ದುಡ್ಡು ಐದು ಲಕ್ಷದೊಳಗೆ ಇದ್ರೆ ಫೀ ಇಲ್ಲ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ಮೊದಲು ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸ್ರಿ. ಇದಕ್ಕೆಲ್ಲ ಬಿಲ್ ಬೇಕು. "ಬಿಲ್ ಇಲ್ಲಾಂದ್ರೆ ಇನ್ನೂರು ಕಮ್ಮಿ" ಅಂದ್ರೆ ಆ ಇನ್ನೂರು ಉಳಿಸಬ್ಯಾಡ್ರಿ.

ಟೈರ್ ಅಂಗಡಿಗೆ ಹೋಗೋ ನಮ್ಮ ಹುಡುಗರು ಇಷ್ಟು ಬರೆದಿಟ್ಟುಕೊಳ್ರಿ:

1. ಹೊಸಾ ಟೈರಿನ ತಾರೀಖು ನೋಡ್ರಿ. ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತೆ. 2324 ಅಂದ್ರೆ 2024ರ 23ನೇ ವಾರ ತಯಾರಾದದ್ದು.

2. ರಿಮ್ ಒಳಗೂ ಹೊರಗೂ ತೊಳೆಸಿದ ಮೇಲೇ ಟೈರ್ ಏರಿಸಲಿ, ಹಳೇ ತೂಕ ಎಲ್ಲಾ ಕೀಳಲಿ. ಸಾಧ್ಯ ಆದ್ರೆ ಮನೆಯಲ್ಲೇ ತೊಳ್ಕೊಂಡು ಹೋಗ್ರಿ.

3. ಟೈರ್ ಪಕ್ಕೆಯ ಗೆರೆ ಸುತ್ತಲೂ ಸಮ ಇದೆಯಾ ಅಂತ ನೀವೇ ಬಗ್ಗಿ ನೋಡ್ರಿ.

4. ಮಷೀನಿನ ಪರದೆಯ ಮೇಲೆ ಎರಡೂ ಕಡೆ ಸೊನ್ನೆ ಬಂದದ್ದನ್ನ ಫೋಟೋ ತಗೊಳ್ರಿ.

5. ನಡುಕಕ್ಕೆ ಮತ್ತೆ ಅಲೈನ್‌ಮೆಂಟ್ ಮಾಡಿಸು ಅಂದ್ರೆ ಯಾಕೆ ಅಂತ ಕೇಳ್ರಿ. ಅಲೈನ್‌ಮೆಂಟ್ ಕೆಟ್ಟರೆ ಗಾಡಿ ಒಂದು ಕಡೆ ಎಳೆಯುತ್ತೆ, ಟೈರ್ ಓರೆ ಸವೆಯುತ್ತೆ. ಸ್ಪೀಡಲ್ಲಿ ಮಾತ್ರ ನಡುಗೋದು ಹೆಚ್ಚಾಗಿ ಬ್ಯಾಲೆನ್ಸ್, ಟೈರ್ ಕೂತ ರೀತಿ, ಇಲ್ಲಾ ಸೊಟ್ಟ ರಿಮ್.

6. ಟೈರ್ ಎಲ್ಲಾದ್ರೂ ಉಬ್ಬಿದ್ದು ಕಂಡ್ರೆ ಓಡಿಸಬ್ಯಾಡ್ರಿ. ಒಳಗಿನ ಪದರ ಬಿಟ್ಟಿರಬಹುದು, ಸ್ಪೀಡಲ್ಲಿ ಒಡೆಯುತ್ತೆ.

7. ಐವತ್ತು ನೂರು ಕಿಲೋಮೀಟರಿಗೆ ನಟ್ ಇನ್ನೊಮ್ಮೆ ನೋಡ್ರಿ.

8. ಹಿಂದೆ ಕೂತವರನ್ನ ಕೇಳ್ರಿ. ಓಡಿಸೋನಿಗೆ ಗೊತ್ತಾಗದ್ದು ಅವರಿಗೆ ಗೊತ್ತಾಗುತ್ತೆ.

ಕಾರ್ಯಕ್ರಮ ಮುಗಿಸಿ ನಡುರಾತ್ರಿ ಹತ್ತು ಮಂದಿ ತುಂಬಿಕೊಂಡು ನೂರರ ಸ್ಪೀಡಲ್ಲಿ ವಾಪಸ್ ಬರೋ ಗಾಡಿಗಳು ನಮ್ಮಲ್ಲಿ ಎಷ್ಟಿವೆ ಅಂತ ನಿಮಗೂ ಗೊತ್ತು. ಭಾಷಣಕ್ಕೆ ಮೈಕ್ ಟೆಸ್ಟ್ ಮಾಡ್ತೀವಿ, ಗಾಲಿಯ ನಟ್ ಟೆಸ್ಟ್ ಮಾಡಲ್ಲ. ಇನ್ನು ಮುಂದೆ ಮಾಡೋಣ. ನಮ್ಮ ಓಣಿಯಲ್ಲಿ ಈಗ ತಿಂಗಳಿಗೊಂದು ಐತವಾರ ಬೇವಿನ ಗಿಡದ ಕೆಳಗೆ ಜಾಕು, ಪಾನಾ, ಸೀಮೆಸುಣ್ಣ ಇಟ್ಟುಕೊಂಡು ಕೂಡ್ತೀವಿ. ಹೆಣ್ಣುಮಕ್ಕಳೂ ಬರ್ತಾರೆ, ಕಾಲೇಜಿಗೆ ಹೋಗೋ ಇಬ್ಬರು ನಮಗಿಂತ ಚಲೋ ಗಾಲಿ ಬಿಚ್ತಾರೆ. ಚಾಚಾನೂ ಒಮ್ಮೆ ಬಂದಿದ್ದ. ಬರೋ ತಿಂಗಳು ಬ್ರೇಕಿನ ಬಗ್ಗೆ ಕಲಿಯೋದಿದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ಗೆಳೆಯರೆ, ನಿಮ್ಮಲ್ಲಿ ಎದುರಿಗೆ ನಿಲ್ಲಿಸಿಕೊಂಡು ಕೆಲಸ ಮಾಡೋ, ಕೇಳಿದ್ದಕ್ಕೆ ಉತ್ತರ ಕೊಡೋ ಟೈರ್ ಮೇಸ್ತ್ರಿಗಳು ಇದ್ರೆ ಕಾಮೆಂಟಿನಲ್ಲಿ ಊರು ಬರೀರಿ. ಬಾಡಿಗೆ ಗಾಡಿ ಓಡಿಸೋ ತಮ್ಮಂದಿರಿಗೆ ಇದನ್ನ ಕಳಿಸ್ರಿ.

ಜೈಭೀಮ್.